ಕಲ್ಯಾಣಿ ಹಳೆ ಕಂಪೈಲರ್‌ಗೆ ಹೊರಳಲಿಲ್ಲ

ದೇವದುರ್ಗದ ಕಾರ್ಯಕ್ರಮಕ್ಕೆ ವಾರವೂ ಉಳಿದಿರಲಿಲ್ಲ. ಅಂಥ ಹೊತ್ತಿನಲ್ಲಿ ಕಲ್ಯಾಣಿ ತನ್ನ ಡೆಸ್ಕ್‌ಟಾಪಿನ ಕಂಪೈಲರನ್ನೇ ಬದಲಿಸಲು ಕೂತಿದ್ದಾಳೆಂದು ಕೇಳಿ ಜಗದೀಶ ಹಣೆ ಚಚ್ಚಿಕೊಂಡ. ರಾಯಚೂರಿನ ಕಾಲೇಜೊಂದರಲ್ಲಿ ಇಬ್ಬರೂ ಕಂಪ್ಯೂಟರ್ ಕಲಿಸುವವರು. ಲ್ಯಾಬಿನ ಉಸ್ತುವಾರಿ ಅವನದು.

"ನಡಿಯೋ ಬಂಡಿ ಗಾಲಿ ಯಾಕ ಬಿಚ್ಚಾಕತ್ತೀರಿ ಮೇಡಂ?"

"ನಡಿಯಾಕತ್ತಿಲ್ರೀ ಸರ್, ಕುಂಟಾಕತ್ತದ."

ಕುಂಟುತ್ತಿದ್ದುದು ಅವಳೂ ಮಾನ್ವಿಯ ಗೆಳತಿ ಜಾಹೆದಾಳೂ ಓದುವ ಕಾಲದಲ್ಲಿ ಸೇರಿ ಬರೆದ ಪ್ರೋಗ್ರಾಂ. ಕನ್ನಡ ಪತ್ರಿಕೆಯನ್ನು ಗಟ್ಟಿಯಾಗಿ ಓದಿ ಹೇಳುವಂಥದ್ದು. ಹೋದ ಸಲ ದೇವದುರ್ಗದ ಬುದ್ಧವಿಹಾರದಲ್ಲಿ ಇಂಥದೇ ಕಾರ್ಯಕ್ರಮದಲ್ಲಿ, ಸಕ್ಕರೆ ಕಾಯಿಲೆಗೆ ಕಣ್ಣು ಕಳೆದುಕೊಂಡ ಬಸವಂತಮ್ಮನ ಮುಂದೆ, ಅರ್ಧ ಪುಟ ಓದಿ ನಿಂತುಬಿಟ್ಟಿತ್ತು. ನೆರೆದವರೆದುರು ಜಗದೀಶ ನಕ್ಕಿದ್ದ: "ಎಲ್ಲಾ ನಾವೇ ಕಟ್ತೀವಿ ಅಂತ ಹೋದ್ರ ಹಿಂಗ. ಕೊಟ್ಟಿದ್ದು ಬಳಸಾಕ ಕಲೀಬೇಕು."

ಕಲ್ಯಾಣಿಯ ಅವ್ವ ಪಾರ್ವತೆಮ್ಮ ಜಾಲಹಳ್ಳಿಯಲ್ಲಿ ಕೂಲಿ ಮಾಡಿ ಮಗಳನ್ನು ಓದಿಸಿದವಳು. ದೊಡ್ಡವರ ಹಿತ್ತಲಲ್ಲಿ ನಿಂತು, ಕೊಟ್ಟಿದ್ದನ್ನು ಸೆರಗೊಡ್ಡಿ ಇಸಿದುಕೊಂಡವಳು. ಜಗದೀಶನ ಮಾತು ಮಗಳಿಗೆ ನಾಟಬೇಕಾದಲ್ಲೇ ನಾಟಿತ್ತು.

ಅವಳ ಡೆಸ್ಕ್‌ಟಾಪಿನಲ್ಲಿದ್ದುದೂ ಸಿದ್ಧವಾಗಿ ಸಿಗುವ ಲಿನಕ್ಸ್ ಕಾರ್ಯವ್ಯವಸ್ಥೆ ಅಲ್ಲ. ಪ್ರತಿ ಪ್ರೋಗ್ರಾಮಿನ ಸೋರ್ಸನ್ನು, ಅಂದರೆ ಮನುಷ್ಯರು ಬರೆದ ಮೂಲ ಸಾಲುಗಳನ್ನು, ಇಳಿಸಿಕೊಂಡು, ಯಂತ್ರಕ್ಕೆ ತಿಳಿಯುವ ರೂಪಕ್ಕೆ ಮನೆಯಲ್ಲೇ ತಿರುಗಿಸಿ ಕಟ್ಟುವಂಥದ್ದು. ಹಾಗೆ ತಿರುಗಿಸುವುದೇ ಕಂಪೈಲರಿನ ಕೆಲಸ. ಹೊಸ ಕಂಪೈಲರ್ ತಪ್ಪುಗಳ ಮೇಲೆ ಬಲು ಕಟ್ಟುನಿಟ್ಟು ಎಂದು ಅವಳು ಓದಿದ್ದಳು. ತಾನು ಹುಡುಕಿ ಸೋತದ್ದನ್ನು ಅದಾದರೂ ಹಿಡಿದೀತು ಎಂಬುದು ಅವಳ ಆಸೆ.

ಹಳೆಯದರಿಂದಲೇ ಹೊಸದನ್ನು ಕಟ್ಟಿದಳು. ಹೊಸದರಿಂದ ಉಳಿದುದೆಲ್ಲವನ್ನೂ ಮತ್ತೆ ಕಟ್ಟಲು ಹಚ್ಚಿದಳು. ರಾಯಚೂರಿನ ಬಿಸಿಲಿಗೆ ಸಿಪಿಯು ಡಬ್ಬಿ ಕಾದ ಹಂಚಿನಂತಾಯಿತು. ಈಗ ಮಗಳ ಜೊತೆಗೇ ಇದ್ದ ಪಾರ್ವತೆಮ್ಮ ತನ್ನ ಕಡೆಗಿದ್ದ ಕೂಲರನ್ನು ಅದರತ್ತ ತಿರುಗಿಸಿದಳು. "ಜ್ವರ ಬಂದೋರ್ಗೆ ಮೊದಲು ಗಾಳಿ ಹಾಕಬೇಕು, ಬಿಡವ್ವಾ."

ಎಲ್ಲವೂ ಸುಸೂತ್ರವಾಗಿ ಆಯಿತು, ಅವರದೇ ಪ್ರೋಗ್ರಾಂ ಒಂದನ್ನು ಬಿಟ್ಟು. ಹೊಸ ಕಂಪೈಲರ್ ಅದನ್ನು ಕಟ್ಟಲು ಒಪ್ಪದೆ, ಕೆಂಪಕ್ಷರದಲ್ಲಿ ದೋಷ ತೋರಿಸಿ ನಿಂತಿತು.

"ಹಳೇದು ಇನ್ನೂ ಅಲ್ಲೇ ಅದ ಅಲ್ಲ, ಅದಕ್ಕ ಹೊಳ್ಳಿ ಹೋಗ್ರಿ," ಎಂದ ಜಗದೀಶ ಮರುದಿನ. "ಇಲ್ಲಾಂದ್ರ ದೋಷ ಎತ್ತಬ್ಯಾಡ ಅನ್ನೋ ಆಯ್ಕೆನೂ ಅದ. ಅದನ್ನ ಹಾಕಿ ಮುಗಿಸ್ರಿ."

"ಬಾಯಿ ಮುಚ್ಚಿಸಿದ್ರ ತಪ್ಪು ಹೋಗ್ತದೇನ್ರೀ?"

ಮನೆಗೆ ಬಂದವಳೇ ಹಳೆಯ ಕಂಪೈಲರನ್ನು ಕಿತ್ತುಹಾಕಿದಳು. ತನ್ನ ಮನಸ್ಸೇ ನಾಳೆ ಮೆತ್ತಗಾದರೆ ಎಂಬ ಭಯ ಅವಳಿಗಿತ್ತು. ಫೋನಿನಲ್ಲಿ ಸುದ್ದಿ ಕೇಳಿದ ಜಾಹೆದಾ ಚೀರಿದಳು. "ಹುಚ್ಚಿ ಆಗೀಯೇನು? ನಾಲ್ಕು ದಿನ ತಡ್ಯಾಕ ಆಗ್ಲಿಲ್ಲೇನು?" ಬೈಯುತ್ತಲೇ ಮಾನ್ವಿಯ ತನ್ನ ಜೆರಾಕ್ಸ್ ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತಿದಳು.

ಇಬ್ಬರೂ ಹೆಗಲಿಗೆ ಹೆಗಲು ತಾಗಿಸಿ ಕೂತು, ದೋಷ ತೋರಿದ ಸಾಲನ್ನು ಮತ್ತೆ ಮತ್ತೆ ಓದಿದರು. ಪ್ರೋಗ್ರಾಮಿನೊಳಗೆ ಒಂದೇ ಕೆಲಸ ಮಾಡಿಕೊಡುವ ತುಂಡಾದ ಒಂದು ಫಂಕ್ಷನ್ನನ್ನು, ಅದು ಏನನ್ನು ಮರಳಿಸುತ್ತದೆ ಎಂದು ಮೊದಲೇ ತಿಳಿಸದೆ, ನೇರ ಕರೆದಿದ್ದರು. ಮರಳುವುದು ಸಣ್ಣ ಸಂಖ್ಯೆ ಇರಬೇಕೆಂದು ಹಳೆ ಕಂಪೈಲರ್ ತಾನೇ ಊಹಿಸಿಕೊಂಡಿತ್ತು. ನಿಜವಾಗಿ ಮರಳುತ್ತಿದ್ದುದು ಪಠ್ಯ ಎಲ್ಲಿದೆ ಎನ್ನುವ ಉದ್ದನೆಯ ವಿಳಾಸ. ಪುಟ ಮುಂದುವರಿದು ವಿಳಾಸ ಹಿಗ್ಗಿದಾಗ ಅದರ ಅರ್ಧ ಕತ್ತರಿಸಿಹೋಗುತ್ತಿತ್ತು.

"ಯಾ ಅಲ್ಲಾ!" ಜಾಹೆದಾ ಬಾಯಿಗೆ ಕೈ ಇಟ್ಟುಕೊಂಡಳು. "ಮನಿ ನಂಬರ್ ಅರ್ಧ ಹರಿದು ಟಪಾಲಿನವ್ನ ಕೈಗೆ ಕೊಟ್ಟಂಗಾತಲ್ಲೇ! ಅದಕ್ಕೇ ನಡುವ ಸಾಯ್ತಿತ್ತು."

"ಹಳೇದು ಎಚ್ಚರಿಕಿ ಕೊಡ್ತಿತ್ತು. ನೂರಾರು ಸಾಲಿನ ನಡುವ ನಾವು ನೋಡ್ಲಿಲ್ಲ. ಇದು ಒಳಗೇ ಬಿಡ್ಲಿಲ್ಲ."

ಆ ಸಾಲು ಬರೆದದ್ದು ಯಾರೆಂದು ಇಬ್ಬರೂ ಕೇಳಲಿಲ್ಲ. ಬಿಟ್ಟುಹೋಗಿದ್ದ ಒಂದು ಸಾಲನ್ನು ಸೇರಿಸಿ ಕಟ್ಟಿದರು. ಪ್ರೋಗ್ರಾಂ ಆ ದಿನದ ಪತ್ರಿಕೆಯನ್ನು ಮೊದಲ ಪುಟದಿಂದ ಸಿನಿಮಾ ಜಾಹೀರಾತಿನವರೆಗೆ ಓದಿತು. ಪಾರ್ವತೆಮ್ಮ ಸಾಕುಮಾಡು ಅಂದರೂ ಕಲ್ಯಾಣಿ ನಿಲ್ಲಿಸಲಿಲ್ಲ.

ಸಿಪಿಯು ಡಬ್ಬಿಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಗೆಳತಿಯರು ದೇವದುರ್ಗಕ್ಕೆ ಬಂದರು. ವಿಹಾರದ ಒಳಗೆ ಜನ ಒತ್ತೊತ್ತಾಗಿ ಕೂತಿದ್ದರು. ಪ್ರೋಗ್ರಾಂ ಒಂದು ಪುಟ ಮುಗಿಸಿ ಎರಡನೆಯದಕ್ಕೆ ಹೋದಾಗ ಜಗದೀಶ ಮೆಲ್ಲಗೆ ಅಂದ, "ಈ ಸಲ ಅದೃಷ್ಟ ಚೊಲೋ ಅದ ಮೇಡಂ."

"ಅದೃಷ್ಟ ಅಲ್ರೀ ಸರ್, ದುರಸ್ತಿ," ಎಂದಳು ಕಲ್ಯಾಣಿ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ.

ಯಂತ್ರ ಓದುತ್ತಲೇ ಇತ್ತು: ಕಾಲುವೆಯ ಕೊನೆಯ ಭಾಗಕ್ಕೂ ನೀರು ತಲುಪಿದೆ ಎಂದು ಅಧಿಕಾರಿಗಳು ತಿಳಿಸಿದ್ದಾರೆ. ಮುಂದಿನ ಸಾಲಿನಲ್ಲಿ ಕೂತಿದ್ದ ಬಸವಂತಮ್ಮ ಕೋಲು ಕುಟ್ಟಿ ಎದ್ದಳು.

"ಸುಳ್ಳು! ನಮ್ಮ ಕಡಿ ಒಂದು ಹನಿ ಬಂದಿಲ್ಲ. ಇನ್ನೊಮ್ಮೆ ಓದಸವ್ವಾ, ಯಾರು ಹೇಳ್ಯಾರ ಅಂತ ಹೆಸರು ಕೇಳ್ಬೇಕು."

ಕಲ್ಯಾಣಿ ಯಂತ್ರದ ದನಿಯನ್ನು ಪೂರ್ತಿ ಏರಿಸಿ, ಆ ಸುದ್ದಿಯನ್ನು ಮೊದಲಿನಿಂದ ಓದಿಸಿದಳು.