ಕಣ್ಣಿಲ್ಲದ ಅಜ್ಜಿಯ ದೀಪ

ಮೂಕಾಂಬಿಕಾ ಅಕ್ಕೋರು ಮೂವತ್ತಾರು ವರ್ಷ ಹೊನ್ನಾವರದ ಆಚೀಚೆಯ ಶಾಲೆಗಳಲ್ಲಿ ಮಕ್ಕಳಿಗೆ ಕಲಿಸಿದ್ದು ಮುಖ್ಯವಾಗಿ ಎರಡೇ. ಒಂದು ಮಗ್ಗಿ, ಇನ್ನೊಂದು, ಕೇಳದೆ ಮತ್ತೊಬ್ಬರ ವಸ್ತು ಮುಟ್ಟಬಾರದು ಎಂಬುದು. ಮಗ್ಗಿ ಮರೆತವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಎರಡನೆಯದನ್ನು ಮರೆತವರು ಮಾತ್ರ ಅಕ್ಕೋರು ಎದುರಿಗೆ ಬಂದರೆ ಈಗಲೂ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಾರೆ.

ಇಂಥ ಅಕ್ಕೋರು ನಿವೃತ್ತರಾಗಿ ಐದು ವರ್ಷದ ಮೇಲೆ, ಎರಡು ಸಾವಿರದ ಮೂರನೇ ಇಸವಿಯಲ್ಲಿ, ಬಸ್‌ಸ್ಟ್ಯಾಂಡಿನ ಎದುರಿನ ಮಹಡಿಯಲ್ಲಿದ್ದ ಗುರುದತ್ತನ ಕಂಪ್ಯೂಟರ್ ಕ್ಲಾಸಿಗೆ ಸೇರಿದರು. ಪಿಂಚಣಿದಾರರ ಸಂಘದ ಪತ್ರಗಳನ್ನು ತಾವೇ ಟೈಪು ಮಾಡಬೇಕೆಂಬುದು ಉದ್ದೇಶ. ಮೊದಲ ದಿನ ಮೌಸು ಅವರ ಕೈಯಲ್ಲಿ ನಿಲ್ಲಲೇ ಇಲ್ಲ. ಪರದೆಯ ಮೇಲಿನ ಬಾಣ ಪೊರಕೆ ಕಂಡ ಜಿರಲೆಯ ಹಾಗೆ ಮೂಲೆಯಿಂದ ಮೂಲೆಗೆ ಓಡಿತು. ಗುರುದತ್ತ ಹುಬ್ಬಳ್ಳಿಯಿಂದ ತಂದಿದ್ದ ಒಂದು ಆಟದ ಸೀಡಿ ಹಾಕಿಕೊಟ್ಟು, "ಕೈಗೆ ಒಗ್ಗಲಿ ಅಕ್ಕೋರೇ, ಎರಡು ದಿನ ಇದ್ನ ಆಡಿ" ಎಂದ.

ಆ ಎರಡು ದಿನಕ್ಕೆ ಈಗ ಎರಡೂವರೆ ತಿಂಗಳಾಗಿತ್ತು. ಸಂಘದ ಪತ್ರಗಳನ್ನು ಅಕ್ಕೋರು ಈಗಲೂ ಕೈಯಲ್ಲೇ ಬರೆಯುತ್ತಿದ್ದರು, ಅದೂ ತಡವಾಗಿ.

ಆಟದಲ್ಲಿ ಗುಂಡು ಹಾರಿಸುವುದಿಲ್ಲ, ಕಾರು ಓಡಿಸುವುದಿಲ್ಲ. ಹಡಗು ಒಡೆದು ದ್ವೀಪವೊಂದಕ್ಕೆ ಬಂದು ಬಿದ್ದ ಒಬ್ಬಳು ಹುಡುಗಿ. ಆಚೆ ದಡದ ಬಂದರಿನಲ್ಲಿ ಅವಳಿಗಾಗಿ ಕಾಯುವ ಅಪ್ಪ. ಆಡುವವರು ಅವಳನ್ನು ನಡೆಸಿಕೊಂಡು, ಸಿಕ್ಕವರನ್ನು ಮಾತಾಡಿಸಿಕೊಂಡು, ಒಗಟು ಬಿಡಿಸಿಕೊಂಡು ಮನೆ ಮುಟ್ಟಿಸಬೇಕು. ಮಾತೆಲ್ಲ ಇಂಗ್ಲಿಷಿನಲ್ಲಿ. ಅಕ್ಕೋರು ತೊಡೆಯ ಮೇಲೆ ಡಿಕ್ಷನರಿ ಇಟ್ಟುಕೊಂಡು ಒಂದಕ್ಷರ ಬಿಡದೆ ಓದುತ್ತಿದ್ದರು.

ಅವರ ಬೆನ್ನಿಗೆ ಸ್ಟೂಲು ಹಾಕಿಕೊಂಡು ಕೂರುವವಳು ಸುಕ್ರಿ. ಹಳದೀಪುರದ ಕಡೆಯಿಂದ ಬಂದು ಮೆಟ್ಟಿಲ ಬುಡದಲ್ಲಿ ಬಸಳೆ, ಹರಿವೆ ಮಾರುವವಳು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿಗೆ ಫ್ಯಾನಿನ ಗಾಳಿಗೆಂದು ಒಮ್ಮೆ ಮೇಲೆ ಹತ್ತಿದಳು. ಮರುವಾರದಿಂದ ಅವಳ ಬುಟ್ಟಿಯೂ ಹತ್ತಿತು. ಸುಕ್ರಿಗೆ ಯಾವ ಭಾಷೆಯ ಅಕ್ಷರವೂ ಬಾರದು. ಆದರೆ ಪರದೆಯಲ್ಲಿ ಕಾಗೆ ಕೂತ ಕೊಂಬೆ ನಿನ್ನೆ ಯಾವುದು, ಇವತ್ತು ಯಾವುದು ಎಂದು ಕೇಳಿದರೆ ಹೇಳುತ್ತಿದ್ದಳು.

ಇನ್ನೊಬ್ಬ ಕಮಲಾಕರ, ಕುಮಟಾ ಬಸ್ಸಿನ ಕಂಡಕ್ಟರ್. ವಯಸ್ಸು ನಲವತ್ತೇಳು, ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳು. ಎರಡು ಟ್ರಿಪ್ಪಿನ ನಡುವೆ ಒಂದು ಗಂಟೆ ಬಿಡುವಿದ್ದರೆ ಊಟ ಹತ್ತು ನಿಮಿಷ, ಉಳಿದ ಐವತ್ತು ನಿಮಿಷ ಪಕ್ಕದ ಕಂಪ್ಯೂಟರಿನಲ್ಲಿ ಇದೇ ಆಟ. ಅವನು ಅಕ್ಕೋರ ಮೊದಲ ವರ್ಷದ ಶಿಷ್ಯ. ಪಕ್ಕದವನ ಬಳಪ ಎತ್ತಿಕೊಂಡದ್ದಕ್ಕೆ ಅವರಿಂದ ಮೊದಲ ಪೆಟ್ಟು ತಿಂದವನೂ ಅವನೇ. ನಲವತ್ತು ವರ್ಷ ದಾಟಿದರೂ ಅಂಗೈ ಅದನ್ನು ಮರೆತಿರಲಿಲ್ಲ.

ಹಾಗಾಗಿ ಅಕ್ಕೋರು ಆಟದಲ್ಲಿ ಸಿಕ್ಕಿಬಿದ್ದ ಜಾಗ ಕಂಡು ಅವನಿಗೆ ಆದ ಆನಂದ ಅಷ್ಟಿಷ್ಟಲ್ಲ.

ಸಂಗತಿ ಇಷ್ಟೆ. ದ್ವೀಪದ ಗುಡ್ಡದ ತುದಿಯಲ್ಲಿ ಕಣ್ಣು ಕಾಣದ ಅಜ್ಜಿಯೊಬ್ಬಳ ಮನೆ. ಕಿಟಕಿಯಲ್ಲಿ ಒಂದು ದೀಪ. ಗುಡ್ಡದ ಕೆಳಗೆ ಕತ್ತಲ ಗವಿ, ಗವಿಯ ಆಚೆ ದೋಣಿ. ಬೆಳಕಿಲ್ಲದೆ ಗವಿ ದಾಟುವಂತಿಲ್ಲ. ಕಂಡದ್ದನ್ನೆಲ್ಲ ಎತ್ತಿ ಚೀಲಕ್ಕೆ ಹಾಕಿಕೊಳ್ಳುವುದು ಇಂಥ ಆಟಗಳ ಧರ್ಮ. ಕಮಲಾಕರ ದೀಪವನ್ನು ಕಂಡ ಕ್ಷಣವೇ ಎತ್ತಿದ್ದ. ಅಕ್ಕೋರು ಎತ್ತಲಿಲ್ಲ, ಕೇಳಿದರು. ಅಜ್ಜಿ "ಈ ದೀಪ ನನ್ನ ಮಗನಿಗೆ, ಅವನು ಕಡಲಲ್ಲಿದ್ದಾನೆ" ಎಂದಳು. ಮರುದಿನ ಮತ್ತೆ ಕೇಳಿದರು. ಅಜ್ಜಿ ಅದನ್ನೇ ಹೇಳಿದಳು. ಹದಿನೇಳು ಸಲ ಕೇಳಿದರೂ ಅಜ್ಜಿಯ ಮಾತು ಬದಲಾಗಲಿಲ್ಲ, ಅಕ್ಕೋರ ಬುದ್ಧಿಯೂ ಬದಲಾಗಲಿಲ್ಲ. ಹುಡುಗಿ ಮೂರು ವಾರದಿಂದ ಗವಿಯ ಬಾಗಿಲಲ್ಲೇ ನಿಂತಿದ್ದಳು.

"ಅಕ್ಕೋರೇ, ಅದು ಚಿತ್ರ. ಚಿತ್ರದ ದೀಪ ತೆಗೆದ್ರೆ ಯಾವ ಪೊಲೀಸು ಬತ್ತಾ?" ಎಂದ ಕಮಲಾಕರ.

"ಕಣ್ಣಿಲ್ಲದ ಮುದುಕಿ ಮನೆಗೆ ಹೊಕ್ಕು ದೀಪ ಎತ್ತೂಕೆ ನಿಂಗೆ ನಾಚ್ಕೆ ಆಗ್ಲಿಲ್ವನಾ?"

"ಕಣ್ಣಿಲ್ದೋಳಿಗೆ ದೀಪ ಎಂತಕೆ ಅಕ್ಕೋರೇ? ನಂಗಾದ್ರೆ ಉಪಯೋಗ ಅದೆ. ನೀವು ಅದ್ನ ಎತ್ತಿದ ದಿವ್ಸ ಇಡೀ ಕ್ಲಾಸಿಗೆ ಚಾ, ಬನ್ಸು ನಂದು."

"ಹಾಂಗಾರೆ ನೀ ಮುಂದೆ ಎಲ್ಲಿಗೆ ಮುಟ್ಟಿದ್ದೆ?"

"ಓ, ನಾ ಸುಮಾರು ಮುಂದೆ ಹೋಗಾಯ್ತು" ಎಂದು ಕಮಲಾಕರ ಮಾನಿಟರನ್ನು ಗೋಡೆಯ ಕಡೆ ಸ್ವಲ್ಪ ತಿರುಗಿಸಿದ.

ಗುರುವಾರ ಗುರುದತ್ತ ತಲೆ ಕೆರೆದುಕೊಂಡು ಒಂದು ಸುದ್ದಿ ಹೇಳಿದ. ಸೋಮವಾರದಿಂದ ಹೊಸ ಕೋರ್ಸು ಶುರು. ಶನಿವಾರ ಸಂಜೆ ಐದಕ್ಕೆ ಎಲ್ಲ ಕಂಪ್ಯೂಟರನ್ನೂ ಅಳಿಸಿ ಹೊಸದಾಗಿ ತುಂಬಬೇಕು. ಆಟ ಹೋಗುತ್ತದೆ; ಯಾರ್ಯಾರು ಎಲ್ಲೆಲ್ಲಿಗೆ ಮುಟ್ಟಿದ್ದರೋ ಅದೂ ಹೋಗುತ್ತದೆ. "ಇನ್ನು ಆಟ ಗೀಟ ಇಲ್ಲ ಅಕ್ಕೋರೇ, ಸರ್ಟಿಫಿಕೇಟಿನ ಕ್ಲಾಸು."

ಅಕ್ಕೋರು ಡಿಕ್ಷನರಿ ಮುಚ್ಚಿದರು. ಆ ಹುಡುಗಿ ಮನೆಗೆ ಮುಟ್ಟಿದಳೋ ಇಲ್ಲವೋ ಎಂದು ತಿಳಿಯದೆ ಉಳಿದ ಆಯುಷ್ಯ ಕಳೆಯಬೇಕೇ ಎಂಬುದು ಅವರ ಚಿಂತೆ. ತಿಳಿಯಬೇಕೆಂದರೆ ದೀಪ ಎತ್ತಬೇಕು. ಎತ್ತಿದರೆ ಆ ಕಮಲಾಕರ ಎದುರಿಗೆ ಕೂತು ಬನ್ಸು ತಿನ್ನುತ್ತಾನೆ.

ನಮ್ಮ ಕಡೆ ಜಮೀನಿಂದ ಹಿಡಿದು ಎಮ್ಮೆಯವರೆಗೆ, ಮನುಷ್ಯರ ಬುದ್ಧಿಗೆ ಬಗೆಹರಿಯದ್ದನ್ನು ದೇವರ ಹತ್ತಿರ ಕೇಳುವುದುಂಟು. ಭಟ್ಟರು ನೀರಲ್ಲಿ ಅದ್ದಿದ ಹೂವಿನ ಎಸಳುಗಳನ್ನು ದೇವರ ಮೈಗೆ ಅಂಟಿಸುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಬೇಡ. ಅದಕ್ಕೆ ಪ್ರಸಾದ ಕೇಳುವುದು ಎನ್ನುತ್ತಾರೆ. ಶುಕ್ರವಾರ ಬೆಳಿಗ್ಗೆ ಅಕ್ಕೋರು ಮಿಂದು, ಕೇರಿಯ ಅಮ್ಮನವರ ಗುಡಿಗೆ ಹೋದರು.

ವಿಘ್ನೇಶ್ವರ ಭಟ್ಟರು ಹೂವು ಅದ್ದುತ್ತಾ, "ಎಂತ ವಿಷಯ ಅಕ್ಕೋರೇ?" ಎಂದರು.

"ಒಂದು ದೀಪದ ವಿಷಯ ಇದ್ದು."

"ಹಿತ್ತಾಳೇದಾ?"

"ಹೇಳಲೆ ಬತ್ತಿಲ್ಲೆ. ಒಬ್ಬಳು ಮುದುಕಿ ಮನೆದು. ಅವಳು ಕೊಡ್ತಿ ಹೇಳ್ತಿಲ್ಲೆ. ಕೇಳದ್ದೇ ತಗಂಬಲೆ ಆಗ್ತಾ ಹೇಳಿ ಕೇಳಿ."

ಭಟ್ಟರ ಕೈ ಹೂವಿನ ತಟ್ಟೆಯ ಮೇಲೆ ನಿಂತಿತು. ಇಡೀ ತಾಲೂಕು ಕಳ್ಳತನ ಬಿಟ್ಟದ್ದು ಈ ಹೆಂಗಸಿನಿಂದ ಎಂದು ಅವರು ತಿಳಿದಿದ್ದರು. ಆದರೂ ಕೇಳುವುದು ಭಕ್ತರ ಹಕ್ಕು, ಅಂಟಿಸುವುದು ಭಟ್ಟರ ಕೆಲಸ. ಮಂತ್ರ ಹೇಳಿ ಮುಗಿಯುವ ಮೊದಲೇ ಎಡಗಡೆಯ ಎಸಳು ಪಟಕ್ಕನೆ ಕೆಳಗೆ ಬಿತ್ತು.

"ಬ್ಯಾಡ ಹೇಳಿ ಆತು" ಎಂದರು ಭಟ್ಟರು, ದೊಡ್ಡದೊಂದು ಅಪಾಯ ತಪ್ಪಿದವರ ಹಾಗೆ.

ಸುದ್ದಿ ಕೇಳಿ ಕಮಲಾಕರನಿಗೆ ದೇವರ ಮೇಲೇ ಸಿಟ್ಟು ಬಂತು. "ನೀವು ಕೇಳಿದ್ದೇ ತಪ್ಪು ಅಕ್ಕೋರೇ. 'ತೆಗೀಬಹುದಾ' ಅಂತ ಅಲ್ಲ, 'ಬಿಟ್ಟು ಬರೂದಾ' ಅಂತ ಕೇಳ್ಬೇಕಾಗಿತ್ತು. ಆಗ ಎಡಕ್ಕೆ ಬಿದ್ರೆ ದೀಪ ನಮ್ದು."

"ದೇವರಿಗೂ ಟಿಕೇಟು ಹರ್ದು ಚಿಲ್ರೆ ಆಮೇಲೆ ಕೊಡ್ತೆ ಅಂಬವ ನೀನು" ಎಂದಳು ಸುಕ್ರಿ.

ಶನಿವಾರ ಮೂರು ಮುಕ್ಕಾಲಿಗೆ ಮೆಟ್ಟಿಲಲ್ಲಿ ಯಾರೋ ಏದುಸಿರು ಬಿಡುವುದು ಕೇಳಿತು. ವಿಘ್ನೇಶ್ವರ ಭಟ್ಟರು. ಯಾರ ದೀಪ, ಯಾವ ಮುದುಕಿ ಎಂದು ತಿಳಿಯದೆ ಅವರಿಗೆ ರಾತ್ರಿ ನಿದ್ದೆ ಬಂದಿರಲಿಲ್ಲ. ಬೇಡದ ಬಸಳೆ ಕೊಳ್ಳುವ ನೆಪ ಮಾಡಿ ಸುಕ್ರಿಯ ಬಾಯಿ ಬಿಡಿಸಿದ್ದರು. ಈಗ ಬಸಳೆಯ ಕಟ್ಟು ಕಂಕುಳಲ್ಲಿಟ್ಟುಕೊಂಡು ಪರದೆಯ ಮುಂದೆ ನಿಂತರು.

"ಅಮ್ಮನವರು ಬ್ಯಾಡ ಅಂದ ದೀಪ ಇದೇಯಾ?" ಎಂದು ಕಿಟಕಿಯನ್ನು ಬಗ್ಗಿ ನೋಡಿದರು. ಆಮೇಲೆ ಕಮಲಾಕರನ ಕಡೆ ತಿರುಗಿದರು. "ನೀನು ತೆಗೆದಿದ್ಯಲ್ಲ, ನಿನ್ನ ಹುಡುಗಿ ಈಗ ಎಲ್ಲಿದ್ದಾಳೆ?"

"ಅವ್ಳು... ಮುಂದೆ."

"ಮುಂದೆ ಅಂದ್ರೆ? ತೋರ್ಸು."

ಭಟ್ಟರ ಜೊತೆ ಅಕ್ಕೋರೂ ನೋಡತೊಡಗಿದರು. ಅಕ್ಕೋರು ಹಾಗೆ ನೋಡಿದರೆ ಕಮಲಾಕರನಿಗೆ ಸುಳ್ಳು ಬರುವುದಿಲ್ಲ. ತನ್ನ ಆಟ ತೆರೆದ. ಗವಿಯ ಆಚೆ, ಕಪ್ಪು ಕಡಲಲ್ಲಿ ದೋಣಿ. ನಾಲ್ಕು ಹುಟ್ಟು ಹಾಕುವಷ್ಟರಲ್ಲಿ ಬಂಡೆಗೆ ಬಡಿದು ಪುಡಿಯಾಯಿತು.

"ಇನ್ನೊಂದ್ಸಲ" ಎಂದರು ಅಕ್ಕೋರು.

ಇನ್ನೊಂದು ಸಲವೂ ಪುಡಿಯಾಯಿತು. ಮಾನಿಟರು ಒಂದು ತಿಂಗಳಿಂದ ಗೋಡೆಗೆ ಮುಖ ಮಾಡಿದ್ದು ಯಾಕೆ ಎಂದು ಈಗ ಎಲ್ಲರಿಗೂ ತಿಳಿಯಿತು.

"ಎಷ್ಟು ದೋಣಿ ಒಡೆದೆ?" ಎಂದಳು ಸುಕ್ರಿ.

"ಲೆಕ್ಕ ಇಟ್ಟಿಲ್ಲ" ಎಂದ ಕಮಲಾಕರ ಸಣ್ಣ ದನಿಯಲ್ಲಿ.

ಭಟ್ಟರು ನಗತೊಡಗಿದರು. "ಅಲ್ಲ ಮಾರಾಯ, ನಿನ್ನ ಅಪ್ಪ ಹೊಳೆಯಲ್ಲಿ ದೋಣಿ ದಾಟಿಸಿದವ. ನಮ್ಮ ಅಳಿವೆಯಲ್ಲಿ ಕತ್ತಲಾದ ಮೇಲೆ ಬೋಟಿನವರು ಎಂತ ನೋಡ್ಕಂಡು ಒಳಗೆ ಬರ್ತ್ರು? ದಡದ ದೀಪ. ಗುಡ್ಡದ ಮೇಲಿದ್ದ ಒಂದೇ ದೀಪ ಕಿತ್ತು ಚೀಲಕ್ಕೆ ಹಾಕ್ಕಂಡಿದ್ದೆ. ಇನ್ನು ಬಂಡೆ ಕಾಣೂದು ಹ್ಯಾಂಗೆ?"

ಈ ದೀಪ ನನ್ನ ಮಗನಿಗೆ. ಅಕ್ಕೋರು ಹದಿನೇಳು ಸಲ ಓದಿದ್ದ ಮಾತು. ಕೊಡುವುದಿಲ್ಲ ಎನ್ನಲು ಅಜ್ಜಿ ಹೇಳಿದ ಕಾರಣ ಎಂದೇ ತಿಳಿದಿದ್ದರು. ದಾರಿ ಹೇಳಿಕೊಡುತ್ತಿದ್ದಾಳೆ ಎಂದು ಹೊಳೆದಿರಲಿಲ್ಲ. ಒಳಗೊಳಗೇ ನಾಚಿದರು, ಹೊರಗೆ ತೋರಿಸಿಕೊಳ್ಳಲಿಲ್ಲ. "ನಾ ಮೊದ್ಲೇ ಹೇಳಿದ್ನಲ್ಲ" ಎಂದುಬಿಟ್ಟರು.

ಹಾಗೆಂದು ಅವರ ಹುಡುಗಿಯೂ ಗವಿ ದಾಟಿರಲಿಲ್ಲ. ಗೋಡೆಯ ಗಡಿಯಾರದಲ್ಲಿ ನಾಲ್ಕು ಹೊಡೆಯಿತು. ಭಟ್ಟರು ಗವಿಯ ಎದುರು ಎರಡು ಶ್ಲೋಕ ಹೇಳಿ ನೋಡಿದರು. ಕಮಲಾಕರ ಕಲ್ಲು, ಹಗ್ಗ, ಹಳೆಯ ಬಕೇಟು ಎಲ್ಲದರ ಮೇಲೂ ಒತ್ತಿಸಿದ. ಏನೂ ಆಗಲಿಲ್ಲ.

ಸುಕ್ರಿ ಸ್ಟೂಲಿನಿಂದಲೇ ಕೈ ಚಾಚಿದಳು. "ಅಕ್ಕೋರೇ, ಅಲ್ಲಿ ತೆಂಗಿನ ಮರದ ಬುಡದಲ್ಲಿ ಒಣ ಮಡ್ಲು ಬಿದ್ಕಂಡದೆ. ಅದ್ರದ್ದು ಒಂದು ಸೂಡಿ ಕಟ್ಕಂಡು ಹೋಗೂಕೆ ಎಂತ ದಾಡಿ ಆ ಹೆಣ್ಣಿಗೆ? ನಮ್ಮವ್ವ ಬ್ಯಾಟ್ರಿ ಇಲ್ದ ಕಾಲ್ದಲ್ಲಿ ಆ ಬೆಳಕಲ್ಲೇ ಗದ್ದೆ ದಾಟ್ತಿದ್ಲು."

ಎಲ್ಲರೂ ನೋಡಿದರು. ಒಣಗಿದ ತೆಂಗಿನ ಗರಿ ಎರಡೂವರೆ ತಿಂಗಳಿಂದ ಅಲ್ಲೇ ಬಿದ್ದಿತ್ತು. ಇಂಗ್ಲಿಷು ಓದುವವರ ಕಣ್ಣು ಅಕ್ಷರದ ಮೇಲಿತ್ತು. ಮಡ್ಲನ್ನು ಯಾರು ನೋಡಬೇಕು? ಅಕ್ಕೋರು ಬಾಣವನ್ನು ಅಲ್ಲಿಗೆ ಒಯ್ದರು. ಒಯ್ದವರು ನಿಲ್ಲಿಸಿದರು.

"ಮರ ಯಾರದ್ದೋ ಏನೋ."

"ಅಯ್ಯ! ಬಿದ್ದ ಮಡ್ಲು ಹೆಕ್ಕೂಕೆ ಯಾರ ಅಪ್ಪಣೆ? ನಾ ಹುಟ್ಟಿದಾಗಿಂದ ಹೆಕ್ತೆ, ಯಾವ ಒಡೆಯನೂ ಬ್ಯಾಡ ಅನ್ಲಿಲ್ಲ. ಹೆಕ್ಕಿ!"

ಮೂವತ್ತಾರು ವರ್ಷದಲ್ಲಿ ಅಕ್ಕೋರಿಗೆ ಯಾರೂ ಈ ದನಿಯಲ್ಲಿ ಹೇಳಿರಲಿಲ್ಲ. ಹೆಕ್ಕಿದರು. ಗರಿ ತಾನಾಗಿ ಸೂಡಿಯಾಯಿತು. ಅಜ್ಜಿಯ ಮನೆಗೆ ಹೋಗಿ, ಅಲ್ಲೂ ಒಮ್ಮೆ ಕೇಳಿಯೇ, ಕಿಟಕಿಯ ದೀಪಕ್ಕೆ ಸೂಡಿ ಮುಟ್ಟಿಸಿದರು. ಹತ್ತಿಕೊಂಡಿತು. ದೀಪ ಇದ್ದಲ್ಲೇ ಉಳಿಯಿತು. ಗವಿ ಬೆಳಗಿತು, ದೋಣಿ ಇಳಿಯಿತು, ಗುಡ್ಡದ ಮೇಲಿನ ಹಳದಿ ಚುಕ್ಕೆಯನ್ನು ಎಡಕ್ಕೆ ಇಟ್ಟುಕೊಂಡು ಬಂಡೆಗಳ ನಡುವೆ ನುಸುಳಿತು. ಭಟ್ಟರು "ಎಡ, ಎಡ, ಹೋಯ್ ಬಲ!" ಎಂದು ಕೂಗುತ್ತಿದ್ದರು, ಬಸಳೆ ನೆಲಕ್ಕೆ ಬಿದ್ದದ್ದು ಅವರಿಗೆ ತಿಳಿಯಲಿಲ್ಲ. ಬಂದರಿನಲ್ಲಿ ಒಬ್ಬ ಗಡ್ಡದವನು ಓಡಿ ಬಂದು ಹುಡುಗಿಯನ್ನು ಅಪ್ಪಿಕೊಂಡ. ಅಕ್ಕೋರು ಕನ್ನಡಕ ಒರೆಸಿಕೊಂಡರು. ಸುಕ್ರಿ ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡು, "ಮುಟ್ಟಿದ್ಲಲ್ಲ, ಸಾಕು. ನಂಗೆ ಬಸ್ಸು" ಎಂದು ಇಳಿದು ಹೋದಳು.

ಗಂಟೆ ನಾಲ್ಕು ಮುಕ್ಕಾಲು. ಕಮಲಾಕರನ ಬಸ್ಸು ಹೊರಡುವ ಹೊತ್ತು ಅದೇ. ಆದರೆ ಅವನು ಬಾಗಿಲ ಹತ್ತಿರ ಹೋಗಿ ವಾಪಸು ಬಂದ. ಮೊದಲಿಂದ ಆಡಲು ಸಮಯವಿಲ್ಲ. ಅಕ್ಕೋರ ಆಟ ದೋಣಿಯ ಹತ್ತಿರ ಉಳಿಸಿಟ್ಟದ್ದು ಇತ್ತು. ಹಿಂದಿನ ಕಮಲಾಕರನಾಗಿದ್ದರೆ ಅವರು ಏಳುವುದನ್ನೇ ಕಾಯುತ್ತಿದ್ದ.

"ಅಕ್ಕೋರೇ," ಎಂದ, ಕೈ ಬೆನ್ನ ಹಿಂದೆ ಇಟ್ಟುಕೊಂಡು, "ನಿಮ್ದು... ದೋಣಿಯಿಂದ ಮುಂದೆ... ನಾ ಒಂದ್ಸಲ ತಕಳ್ಳಾ?"

ಅಕ್ಕೋರು ಅವನನ್ನು ಕಾಲಿಂದ ತಲೆಯವರೆಗೆ ನೋಡಿದರು. ಮೊದಲ ವರ್ಷದ ಪಾಠ ಈಗ ತಲೆಗೆ ಹತ್ತಿತ್ತು. ಎದ್ದು ಕುರ್ಚಿ ಬಿಟ್ಟುಕೊಟ್ಟರು. ಸೀಡಿ ಹಿಡಿದು ನಿಂತಿದ್ದ ಗುರುದತ್ತ ಗಡಿಯಾರ ನೋಡಿದ. ಅಕ್ಕೋರು ಗುರುದತ್ತನನ್ನು ನೋಡಿದರು. ಗುರುದತ್ತ ಕಿಟಕಿಯ ಹೊರಗೆ ನೋಡತೊಡಗಿದ.

ಅಕ್ಕೋರು ಕೆಳಗಿಳಿದು ರಸ್ತೆ ದಾಟುವಾಗ ಕುಮಟಾ ಬಸ್ಸು ಜನ ತುಂಬಿ ನಿಂತಿತ್ತು. ಡ್ರೈವರ್ ಲಿಂಗಪ್ಪ ಹಾರ್ನಿನ ಮೇಲೆ ಕೈ ಊರಿಬಿಟ್ಟಿದ್ದ. "ಅಕ್ಕೋರೇ, ನಮ್ಮ ಕಮಲಾಕರನ್ನ ಕಂಡ್ರಾ? ಹತ್ತು ನಿಮಿಷ ಆತು!" ಕಿಟಕಿ ಕಿಟಕಿಯಿಂದ ತಲೆಗಳು ಹೊರಗೆ ಬಂದವು.

ಅಕ್ಕೋರು ಸುಳ್ಳು ಹೇಳುವವರಲ್ಲ. ಕೊಡೆಯನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿಕೊಂಡರು, ಗಂಟಲು ಸರಿಮಾಡಿಕೊಂಡರು.

"ಯಾರೋ ಒಂದು ಹುಡುಗಿ, ಪಾಪ, ದಾರಿ ತಪ್ಪಿ ಒಬ್ಬಳೇ ಸಿಕ್ಕಿದ್ಲು. ಅಪ್ಪನ ಹತ್ರ ಮುಟ್ಸೂಕೆ ಹೋಗಿದ್ದ. ಈಗ ಬರ್ತ."

ಬಸ್ಸಿನಲ್ಲಿ "ಅಯ್ಯೋ", "ಒಳ್ಳೇ ಕೆಲ್ಸ", "ಹೋಗ್ಲಿ, ಕಾಯ್ವ" ಎಂಬ ಮಾತು ಮುಂದಿನ ಸೀಟಿನಿಂದ ಹಿಂದಿನ ಸೀಟಿನವರೆಗೆ ಹೋಯಿತು. ಲಿಂಗಪ್ಪ ಹಾರ್ನಿನಿಂದ ಕೈ ತೆಗೆದು ಎಂಜಿನ್ ಆರಿಸಿದ. ಒಬ್ಬರು ಮಾತ್ರ ಅನುಮಾನ ಬಿಡಲಿಲ್ಲ: "ಕಮಲಾಕರ? ಅವ ಅಷ್ಟು ಒಳ್ಳೆಯವನಾ?"

ಮಹಿಳೆಯರ ಸೀಟಿನಲ್ಲಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡಿದ್ದ ಸುಕ್ರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಸೆರಗು ತೆಗೆದು, ಗಂಭೀರವಾಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಅಕ್ಕೋರು ಹೇಳಿದ್ ಮೇಲೆ ಮುಗೀತಲ್ಲ. ಸುಮ್ಗೆ ಕೂತ್ಕಣಿ."