ಮೊದಲು ಓಡುವವರ ಟೈರು

ಟೈರು ಮಾರುವ ಹೋರಿಗೋಮೆಯ ಅಂಗಡಿಯಲ್ಲಿ ಎರಡು ಟೈರುಗಳು ಪಕ್ಕಪಕ್ಕ ನಿಂತಿದ್ದವು. ಒಂದರ ಮೈಸುತ್ತ ಕೆಂಪು ಗೀಟು, ಇನ್ನೊಂದಕ್ಕೆ ಹಳದಿ. ಕಾರ್ಖಾನೆಯವರು ಎಳೆದ ಆ ಗೀಟು ಹತ್ತು ಕಿಲೋಮೀಟರು ಓಡಿದರೆ ಅಳಿಸಿಹೋಗುತ್ತದೆ. ಆದರೂ ಅಂಗಡಿಯಲ್ಲಿ ಟೈರಿಗೆ ಅದೇ ಹೆಸರು. ನನ್ನ ಗಂಡ ಶಿಗೆಕಿ ಕೆಂಪಿನ ಮೇಲೆ ಹೆಬ್ಬೆರಳು ಒತ್ತಿ, ಬದಿಯಲ್ಲಿ ಅಚ್ಚಾದ ತಯಾರಿಯ ವಾರ ಓದಿ, "ಇದನ್ನೇ ಹಾಕ್ಬಿಡಿ" ಅಂದ. ನನ್ನ ಕಡೆ ತಿರುಗಿ ನೋಡಲೂ ಇಲ್ಲ.

"ಇದೇ ಯಾಕೆ?" ಅಂದೆ.

"ಹನ್ನೊಂದು ವರ್ಷದಿಂದ ಇದೇ ತಾನೇ ಹಾಕ್ತಿರೋದು?"

"ಅದಕ್ಕೇ ಕೇಳ್ತಿರೋದು."

ಹೋರಿಗೋಮೆ ಪಾನಾ ಕೆಳಗಿಟ್ಟು ನಕ್ಕ. "ಶುರುವಾಯ್ತು ನೋಡಿ. ನಮ್ಮ ಗುನ್ಮಾ ಸೀಮೆಯಲ್ಲಿ ಹೆಸರುವಾಸಿ ಅಂದ್ರೆ ಎರಡೇ. ಬೆಟ್ಟದಿಂದ ಇಳಿಯೋ ಒಣಗಾಳಿ, ಮನೆ ಆಳೋ ಹೆಂಡತಿ."

"ನಿಮ್ಮನೇಲೂ ಹಾಗೇನಾ?"

"ನಮ್ಮನೇಲಿ ಗಾಳಿ ಮಾತ್ರ ಹೊರಗಡೆ ಬೀಸುತ್ತೆ, ಅಕ್ಕಾ."

ನಮ್ಮದು ಕೊನ್ಯಾಕು ಗೆಡ್ಡೆಯ ಹೊಲ. ಅದರ ಜೊತೆಗೆ ಎರಡೇ ಬಾಗಿಲಿನ, ಹತ್ತೊಂಬತ್ತು ವರ್ಷ ಹಳೆಯ, ಹುಚ್ಚು ಓಟದ ಒಂದು ಕಾರು. ಆ ಒಂದು ಕಾರಿನಲ್ಲಿ ಗಂಡ ಹೆಂಡತಿ ಇಬ್ಬರೂ ಪಂದ್ಯಕ್ಕೆ ಇಳಿಯುತ್ತೇವೆ. ಬಯಲಿನಲ್ಲಿ ಪ್ಲಾಸ್ಟಿಕ್ ಕೋನುಗಳನ್ನು ಇಟ್ಟಿರುತ್ತಾರೆ. ಒಂದೊಂದೇ ಕಾರು ಬಂದು ಅವುಗಳ ನಡುವೆ ನುಸುಳಿ, ಸುತ್ತು ಹೊಡೆದು, ಗೆರೆ ದಾಟಬೇಕು. ಬೆಳಿಗ್ಗೆ ಒಂದು ಓಟ, ಮಧ್ಯಾಹ್ನ ಒಂದು. ಎರಡರಲ್ಲಿ ಚೆನ್ನಾಗಿ ಬಂದ ಸಮಯವೇ ಲೆಕ್ಕ.

ನಮ್ಮ ಕ್ಲಬ್ಬಿನಲ್ಲಿ ಒಂದು ಪದ್ಧತಿಯಿದೆ. ವರ್ಷದ ಕೊನೆಯ ಪಂದ್ಯದಲ್ಲಿ ಹಿಂದೆ ಬಿದ್ದವರು ಮರುವರ್ಷ ಮೊದಲು ಓಡಬೇಕು, ಮುಂದೆ ಬಂದವರು ಕೊನೆಗೆ. ಹಾಗಾಗಿ ಪ್ರತಿ ಸಲ ನಾನು ಮೊದಲು. ನಾನು ಕೂತಾಗ ಟೈರು ಕಲ್ಲಿನಂತೆ ತಣ್ಣಗಿರುತ್ತದೆ. ನಾನು ಓಡಿ ಬಿಸಿ ಮಾಡಿ ಇಳಿಯುತ್ತೇನೆ, ಏಳು ನಿಮಿಷಕ್ಕೆ ಶಿಗೆಕಿ ಹತ್ತುತ್ತಾನೆ. ಅವನಿಗೆ ಎರಡನೆಯದೋ ಮೂರನೆಯದೋ ಸ್ಥಾನ, ನನಗೆ ಹದಿನಾಲ್ಕು. ಹಿಂದೆ ಬಿದ್ದದ್ದಕ್ಕೆ ಮರುವರ್ಷವೂ ನಾನೇ ಮೊದಲು. ಮೊದಲು ಓಡಿದ್ದಕ್ಕೆ ಮತ್ತೆ ಹಿಂದೆ. ನನಗೆ ಐವತ್ತೆರಡಾಗಿದೆ. ಇನ್ನೆಷ್ಟು ವರ್ಷ ಅವನ ಒಲೆ ಹೊತ್ತಿಸುತ್ತ ಕೂರಲಿ? ನವೆಂಬರಿನಲ್ಲಿ ಬರುವ ಈ ವರ್ಷದ ಕೊನೆಯ ಪಂದ್ಯದಲ್ಲಿ ಅವನಿಗಿಂತ ಮುಂದೆ ಬರಲೇಬೇಕೆಂದು ನಿಶ್ಚಯಿಸಿದ್ದೆ.

ಒಂದು ಕಾರಿಗೆ ಒಂದು ದಿನ ನಾಲ್ಕೇ ಟೈರು. ಬೆಳಿಗ್ಗೆ ತಪಾಸಣೆಯವರು ಬಣ್ಣದಲ್ಲಿ ಗುರುತು ಹಾಕಿಬಿಡುತ್ತಾರೆ. ಬದಲಿಸುವಂತಿಲ್ಲ.

"ಹೋಲಿಸಿ ನೋಡೋಣ," ಅಂದೆ. "ಓಡಿಸಿ ನೋಡೋಣ. ಹೆಬ್ಬೆರಳಲ್ಲಿ ಒತ್ತಿ ನೋಡೋಕೆ ಇದೇನು ಮಾವಿನಹಣ್ಣಾ?"

ಎರಡೂ ಬಗೆಯವು ನಾಲ್ಕು ನಾಲ್ಕು, ಸ್ವಲ್ಪ ಓಡಿಸಿದವು, ಹೋರಿಗೋಮೆಯ ಹತ್ತಿರ ಇದ್ದವು. ಮುಂದಿನ ಭಾನುವಾರ ಸ್ಕೀ ಬೆಟ್ಟದ ವಾಹನ ನಿಲ್ದಾಣದಲ್ಲಿ ಅಭ್ಯಾಸದ ದಿನ. ಎಂಟೂ ಚಕ್ರಗಳನ್ನು ವ್ಯಾನಿನಲ್ಲಿ ಹೇರಿಕೊಂಡು ಅವನೇ ಬಂದ.

ಮೊದಲು ಕೆಂಪು. ನಾನು 72.4 ಸೆಕೆಂಡು, ಶಿಗೆಕಿ 70.9. ಇಳಿದು ಬಂದು ಒಂದೊಂದೇ ಬೆರಳು ಎಳೆದು ನಿಧಾನವಾಗಿ ಕೈಗವಸು ಬಿಚ್ಚಿದ. ಅವನು ಗೆದ್ದಾಗ ಮಾಡುವುದು ಹಾಗೆಯೇ.

ಚಕ್ರ ಬದಲಿಸಿ, ಗಾಳಿ ಅಳೆದು, ಹಳದಿ ಹಾಕಿದೆವು. ಕಾರು ತಣ್ಣಗಾಗುವವರೆಗೂ ಕಾದೆವು. ಮೊದಲ ತಿರುವಿನಲ್ಲೇ ಗೊತ್ತಾಯಿತು. ಸ್ಟೇರಿಂಗ್ ತಿರುಗಿಸಿದ ಕೂಡಲೇ ಕಾರಿನ ಮೂಗು ಒಳಗೆ ಬಂತು, ಕೆಂಪಿನ ಹಾಗೆ ಒಂದು ಗಳಿಗೆ ಯೋಚನೆ ಮಾಡಲಿಲ್ಲ. 71.2. ಶಿಗೆಕಿ ಹೋದ. ಅರ್ಧ ದಾರಿಗೆ ಟೈರು ವಿಪರೀತ ಬಿಸಿಯಾಗಿ ಜಾರತೊಡಗಿತು. 71.5.

"ಇದು ಲೆಕ್ಕಕ್ಕಿಲ್ಲ," ಅಂದ. "ಎರಡನೇ ಸಲ ಹೋಗೋವಾಗ ನಿನಗೆ ದಾರಿ ಬಾಯಿಪಾಠ ಆಗಿತ್ತು. ಅದಕ್ಕೇ ಬೇಗ ಬಂದೆ."

ಮೈ ಉರಿದುಹೋಯಿತು. ಕೈಯಲ್ಲಿದ್ದ ಹೆಲ್ಮೆಟ್ಟನ್ನು ಬಿಸಾಕುವವಳಿದ್ದೆ. ಆದರೆ ಅವನು ಹೇಳಿದ್ದರಲ್ಲಿ ನ್ಯಾಯವಿತ್ತು. ಕೋಪ ಬಂದಾಗ ನ್ಯಾಯ ಕಾಣಿಸಿದರೆ ಇನ್ನೂ ಕೋಪ ಬರುತ್ತದೆ.

"ಸರಿ. ವಾಪಸ್ ಕೆಂಪು ಹಾಕ್ರಿ, ಹೋರಿಗೋಮೆ. ಈಗ ಇವರಿಗೂ ದಾರಿ ಬಾಯಿಪಾಠ ಆಗಿದೆ. ಈ ಸಲ ಇವರು ಮೊದಲು ಹೋಗಲಿ."

"ನಾನಾ?"

"ಯಾಕ್ರೀ, ತಣ್ಣಗಿರೋ ಸೀಟಲ್ಲಿ ಕೂತ್ರೆ ನೆಗಡಿ ಆಗುತ್ತಾ?"

ಪಕ್ಕದ ಕಾರಿನವರು ನಕ್ಕರು. ಅಷ್ಟು ಜನ ನಕ್ಕ ಮೇಲೆ ಅವನು ಹೋಗಲೇಬೇಕಾಯಿತು. ಕೆಂಪು ಟೈರು ಆರಿ ತಣ್ಣಗಾಗಿತ್ತು. ಮೊದಲ ಕೋನಿನ ಹತ್ತಿರ ಕಾರು ನೇರ ಹೊರಟುಹೋಯಿತು. ಬ್ರೇಕು ಒತ್ತಿ, ನಿಂತೇಹೋದಂತಾಗಿ, ಹೇಗೋ ತಿರುಗಿದ. 72.6. ಅವನ ನಂತರ, ಅವನು ಬಿಸಿ ಮಾಡಿಕೊಟ್ಟ ಟೈರಿನಲ್ಲಿ ನಾನು ಹೋದೆ. 71.1.

ಹೋರಿಗೋಮೆ ಟೈರಿಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಅಷ್ಟೂ ಸಮಯಗಳನ್ನು ವ್ಯಾನಿನ ಬಾಗಿಲ ಮೇಲೆ ಬರೆದಿದ್ದ. ಶಿಗೆಕಿ ಅದರ ಮುಂದೆ ತುಂಬಾ ಹೊತ್ತು ನಿಂತ. ತಣ್ಣಗಿದ್ದರೆ ಅವನೂ ನನ್ನಷ್ಟೇ. ಬಿಸಿಯಿದ್ದರೆ ನಾನೂ ಅವನಷ್ಟೇ. ಹನ್ನೊಂದು ವರ್ಷ ಅವನು ಟೈರನ್ನು ಅಳೆದದ್ದು ಬಿಸಿಯಾದ ಮೇಲೆ ಮಾತ್ರ. ಅದು ತಣ್ಣಗೆ ಹೇಗಿರುತ್ತದೆ ಅಂತ ಅವನಿಗೆ ಗೊತ್ತೇ ಇರಲಿಲ್ಲ.

ಅಷ್ಟಾದ ಮೇಲೂ ಅಂಗಡಿಗೆ ಬಂದು ಏನಂದ ಗೊತ್ತೇ?

"ನೋಡು ಮಸುಮಿ, ಕೆಂಪು ಹಾಕಿದ್ರೆ ನನಗೆ ಮೂರರೊಳಗೆ ಜಾಗ ಗ್ಯಾರಂಟಿ. ಹಳದಿ ಹಾಕಿದ್ರೆ ಇಬ್ಬರಿಗೂ ಸಿಗಲ್ಲ. ಮನೆಗೆ ಒಂದಾದರೂ ಬಹುಮಾನ ಬರೋದು ಒಳ್ಳೇದಲ್ವಾ?"

"ಮನೆಗೆ ಬಂದಿರೋ ಬಹುಮಾನಕ್ಕೆಲ್ಲ ಧೂಳು ಹೊಡೆಯೋಳು ನಾನೇ. ಎಷ್ಟಿವೆ ಅಂತ ಗೊತ್ತು ನಂಗೆ."

ಹೋರಿಗೋಮೆ ಜಾಕಿ ಏರಿಸಿ ಕೇಳಿದ, "ಏನಾದ್ರೂ ಹಾಕ್ತೀನಿ, ಮೊದಲು ಬೀಗದ ನಟ್ಟಿನ ಚಾವಿ ಕೊಡಿ." ಕಳ್ಳರು ಚಕ್ರ ಬಿಚ್ಚದಂತೆ ಚಕ್ರಕ್ಕೊಂದು ಬೇರೆ ಥರದ ನಟ್ಟು ಹಾಕಿರುತ್ತೇವೆ. ಅದರ ಚಾವಿ ನನ್ನ ಗೊಂಚಲಿನಲ್ಲಿತ್ತು. ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡೆ.

"ಹಳದಿ ಅಂದ್ರೆ ಕೊಡ್ತೀನಿ. ಕೆಂಪು ಅಂದ್ರೆ ನಾಲ್ಕು ಚಕ್ರ ಹಲ್ಲಿನಿಂದ ಬಿಚ್ಚಿಕೊಳ್ಳಿ."

ಹೋರಿಗೋಮೆ ನೆಲ ನೋಡಿದ, ಚಾವಣಿ ನೋಡಿದ. ಶಿಗೆಕಿ ಹೊರಗೆ ಹೋಗಿ ಕಾಸು ಹಾಕುವ ಯಂತ್ರದಿಂದ ಎರಡು ಡಬ್ಬಿ ಬಿಸಿ ಕಾಫಿ ತಂದ. ಒಂದನ್ನು ನನ್ನ ಕೈಗಿಟ್ಟು, "ಹಳದಿ ಹಾಕ್ರಿ" ಅಂದ. ಅವನಿಗೆ ಮನಸ್ಸಿರಲಿಲ್ಲ, ಅದು ಮುಖದಲ್ಲೇ ಇತ್ತು. ಇರಲಿ. ನನಗೆ ಬೇಕಾದದ್ದು ಟೈರು.

ಹೊಸ ಟೈರಿನ ಮೈಮೇಲೆ ಜಾರುವ ಪೊರೆಯೊಂದು ಇರುತ್ತದೆ. ಅದನ್ನು ಓಡಿಸಿಯೇ ಸವೆಸಬೇಕು. ಸಿಪ್ಪೆ ಸುಲಿಯುವುದು ಅನ್ನುತ್ತೇವೆ. ಗೆಡ್ಡೆ ಕೀಳುವ ಕೆಲಸ ಮುಗಿಸಿ, ಮಣ್ಣು ಮೆತ್ತಿದ ಪ್ಯಾಂಟಿನಲ್ಲೇ ಪ್ರತಿ ಸಂಜೆ ಕಣಿವೆಯ ರಸ್ತೆಯಲ್ಲಿ ನಾನೊಬ್ಬಳೇ ಓಡಿಸಿದೆ. ಎಂಟು ಸಂಜೆಗೆ ರಬ್ಬರಿನ ಹೊಳಪು ಹೋಗಿ ಹದವಾದ ಒರಟು ಬಂತು.

ಪಂದ್ಯದ ದಿನ ಅಕಾಗಿ ಬೆಟ್ಟದ ಒಣಗಾಳಿ ಕೋನುಗಳನ್ನೇ ಬೀಳಿಸುವಷ್ಟು ಜೋರಾಗಿತ್ತು. ಬೆಳಿಗ್ಗೆ ದಾರಿಯನ್ನು ಮೂರು ಸಲ ನಡೆದು ನೋಡಿದೆ. ಓಟ ಚೆನ್ನಾಗಿಯೇ ಹೋಯಿತು, ಕೊನೆಯ ಸುತ್ತಿನವರೆಗೆ. ಅಲ್ಲಿ ಹಿಂದಿನ ಚಕ್ರ ಕೋನಿಗೆ ತಾಗಿತು. ಐದು ಸೆಕೆಂಡು ದಂಡ. ಬೆಳಗಿನ ಓಟ ಹಾಳು. ಶಿಗೆಕಿ ಜಾರುತ್ತ ಹೋಗಿ ಬಂದು ಆರನೆಯ ಸ್ಥಾನದಲ್ಲಿ ನಿಂತ.

ಊಟಕ್ಕೆ ಅನ್ನದ ಉಂಡೆ ಬಿಚ್ಚಿ ಹಾಗೇ ಮಡಿಲಲ್ಲಿಟ್ಟುಕೊಂಡೆ. "ತಿನ್ನೇ," ಅಂದ ಶಿಗೆಕಿ. "ಹೊಟ್ಟೆ ಖಾಲಿ ಇದ್ರೆ ಕೈ ನಡುಗುತ್ತೆ." ತನ್ನ ಉಂಡೆಯೊಳಗಿನ ಉಪ್ಪಿನಲ್ಲಿ ಹಾಕಿದ ಪ್ಲಮ್ ಹಣ್ಣನ್ನೂ ನನಗೇ ಕೊಟ್ಟ.

ಮಧ್ಯಾಹ್ನ ಒಂದೂ ಕೋನು ಮುಟ್ಟಲಿಲ್ಲ. ತಣ್ಣಗಿನ ಟೈರು ಮೊದಲ ತಿರುವಿನಿಂದಲೇ ನೆಲ ಕಚ್ಚಿತು. 69.83. ಆ ಹೊತ್ತಿಗೆ ಅದೇ ಎಲ್ಲರಿಗಿಂತ ಮುಂದೆ. ಶಿಗೆಕಿಯ ಬೆಳಗಿನ ಸಮಯ 70.4. ಈಗ ಅವನ ಒಂದು ಓಟ ಬಾಕಿ.

ಟೈರು ಮಿತಿಮೀರಿ ಕಾದಿದ್ದರೆ, ಮೊದಲು ಓಡಿದವರು ಇನ್ನೊಬ್ಬರಿಗಾಗಿ ಅದಕ್ಕೆ ನೀರು ಹೊಡೆದು ತಂಪು ಮಾಡಬೇಕು. ನಮ್ಮ ಮನೆಯಲ್ಲಿ ಅದು ಯಾವತ್ತೂ ನನ್ನದೇ ಕೆಲಸ. ಹೊಲಕ್ಕೆ ಔಷಧಿ ಹೊಡೆಯುವ ಪಂಪನ್ನೇ ತೊಳೆದು ತಂದಿರುತ್ತೇವೆ. ಅದನ್ನು ಎತ್ತಿಕೊಂಡೆ. ಟೈರಿನಿಂದ ಸುಟ್ಟ ವಾಸನೆ ಬರುತ್ತಿತ್ತು. ಹಳದಿ ಟೈರು ಬಿಸಿಯಾದರೆ ಜಾರುತ್ತದೆ, ತಂಪಾದರೆ ಕಚ್ಚುತ್ತದೆ. ಅವನು ಹೆಲ್ಮೆಟ್ ಹಾಕಿಕೊಂಡು ಒಳಗೆ ಕೂತಿದ್ದ. ಅಲ್ಲಿಂದ ಅವನಿಗೆ ಟೈರು ಕಾಣುವುದಿಲ್ಲ. ನಾನು ಮೇಲೆಮೇಲೆ ಒದ್ದೆ ಮಾಡಿ ಬಿಟ್ಟರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಮೊಣಕಾಲೂರಿ ಕೂತು ಮುಂದಿನ ಎರಡಕ್ಕೂ ಅಂಚಿನಿಂದ ಅಂಚಿಗೆ ಹೊಡೆದೆ. ಆಮೇಲೆ ಹಿಂದಿನವು. ಆವಿ ನಿಂತ ಮೇಲೂ ಹೊಡೆದೆ. ಕಾರನ್ನು ಒಂದು ಗೇಣು ಮುಂದೆ ತಳ್ಳಿಸಿ, ನೆಲಕ್ಕೆ ಒತ್ತಿಕೊಂಡಿದ್ದ ಭಾಗಕ್ಕೂ ಹೊಡೆದೆ. ಕೋಪದಿಂದಲೇ ಹೊಡೆದೆ, ಆದರೆ ಪೂರ್ತಿ ಹೊಡೆದೆ. ಪಂಪು ಖಾಲಿಯಾಯಿತು.

ಅವನು ಹೊರಟ. ನಾನು ಗೆರೆಯ ಪಕ್ಕ ನಿಂತೆ. ಚೆನ್ನಾಗಿ ಓಡಿಸಿದ, ಅದನ್ನು ಒಪ್ಪಿಕೊಳ್ಳಬೇಕು. ಅರ್ಧ ದಾರಿಯವರೆಗೂ ನನಗಿಂತ ಮುಂದಿದ್ದ. ಕೊನೆಯ ಎರಡು ಸುತ್ತಿನಲ್ಲಿ ಟೈರು ಅವನ ಕೈ ಬಿಟ್ಟಿತು. ಧ್ವನಿವರ್ಧಕದಲ್ಲಿ ಹೇಳಿದರು: 69.89.

ಎಲ್ಲರೂ ಓಡಿ ಮುಗಿದಾಗ ನಾನು ನಾಲ್ಕನೆಯವಳು, ಅವನು ಐದನೆಯವನು. ಬಹುಮಾನ ಇಬ್ಬರಿಗೂ ಇಲ್ಲ. ಮುಂದಿನ ವರ್ಷ ಅವನು ಮೊದಲು ಓಡುತ್ತಾನೆ, ನಾನು ನಂತರ.

ಶಿಗೆಕಿ ಟೈರಿನ ಮೇಲೆ ಅಂಗೈ ಇಟ್ಟು ಕೂತಿದ್ದ. ನಂತರ ಖಾಲಿ ಪಂಪನ್ನು ಎತ್ತಿ ಅಲುಗಾಡಿಸಿ ನೋಡಿದ. ಒಂದು ಹನಿಯೂ ಬೀಳಲಿಲ್ಲ.

"ಎಲ್ಲಾ ಹೊಡೆದ್ಯಾ?"

"ಇಲ್ಲ, ಅರ್ಧ ಕುಡಿದೆ."

ಅವನು ನಕ್ಕ. ಹೋರಿಗೋಮೆ ಗಾಳಿಗೆ ಟೋಪಿ ಹಿಡಿದುಕೊಂಡು ಬಂದ. "ಮುಂದಿನ ವರ್ಷಕ್ಕೆ ಈಗಲೇ ತರಿಸಿಡ್ಲಾ? ಯಾವುದು?"

"ಹಳದಿ," ಅಂದ ಶಿಗೆಕಿ ತಕ್ಷಣ. "ತಣ್ಣಗಿದ್ದಾಗಲೇ ಹಿಡಿಯೋದು ಬೇಕು."

ಚಾವಿಯ ಗೊಂಚಲು ನನ್ನ ಜೇಬಿನಲ್ಲೇ ಇತ್ತು. ಅದನ್ನು ಹೊರಗೆ ತೆಗೆದು, ಇಬ್ಬರಿಗೂ ಕಾಣುವಂತೆ ಬೆರಳಿಗೆ ಸಿಕ್ಕಿಸಿಕೊಂಡೆ.

"ಕೆಂಪು ತರಿಸ್ರಿ," ಅಂದೆ. "ಒಂದು ವರ್ಷ ಇವರು ನನಗೆ ಟೈರು ಕಾಯಿಸಿಕೊಡಲಿ. ಆಮೇಲೆ ಮಾತಾಡೋಣ."