ಖಾಲಿ ಇದ್ದ ಸೀಟು

ದೋಹಾದಲ್ಲಿ ಮಕ್ಕಳಿಗೆ ಕಾಲೇಜಿನ ಅಡ್ಮಿಷನ್ ಸಿಗುವುದು ಒಂದು ಕಷ್ಟ. ಸಿಕ್ಕಿದ ಮೇಲೆ ದಿನಾ ಕಳಿಸುವುದು ಇನ್ನೂ ದೊಡ್ಡ ಕಷ್ಟ. ಅಪ್ಪನಿಗೆ ಡ್ಯೂಟಿ, ಅಮ್ಮನಿಗೆ ಲೈಸೆನ್ಸ್ ಇಲ್ಲ, ಹೊರಗೆ ಕೆಂಡದಂಥ ಬಿಸಿಲು. ಹಾಗಾಗಿ ನಾಲ್ಕು ಮನೆಯವರು ಸೇರಿ ಒಂದು ಕಾರು ಗೊತ್ತುಮಾಡಿಕೊಳ್ಳುತ್ತಾರೆ. ಕಾರ್ ಲಿಫ್ಟ್ ಎಂದು ಅದಕ್ಕೆ ಹೆಸರು.

ಅಲ್ಲಿನ ಮುಐದರ್ ಬಡಾವಣೆಯ ಒಂದು ಹಳೆಯ ವಿಲ್ಲಾದಲ್ಲೂ ಅದೇ ಏರ್ಪಾಡು. ಆ ವಿಲ್ಲಾವನ್ನು ಗೋಡೆ ಎಬ್ಬಿಸಿ ಮೂರು ಸಂಸಾರಗಳಿಗೆ ಹಂಚಿದ್ದರು. ಗೇಟು ಒಂದೇ, ಅಂಗಳ ಒಂದೇ, ಯಾರ ಮನೆಯಲ್ಲಿ ಇವತ್ತು ಮೀನು ಎನ್ನುವುದು ಎಲ್ಲರ ಮೂಗಿಗೂ ಗೊತ್ತು. ಒಂದು ಪಾಲಿನಲ್ಲಿ ಶಿರ್ವದ ಪರ್ಪೆಚುವಾ, ಕಂಪನಿಯೊಂದರ ಆಫೀಸಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಕ್ಲರ್ಕು. ಇನ್ನೊಂದರಲ್ಲಿ ಉಳ್ಳಾಲದ ಸುಬೈದಾ, ಗಂಡ ಪಕೀರಬ್ಬ, ಮಗಳು ಹಿಬಾ. ಮೂರನೆಯದರಲ್ಲಿ ಸುಡಾನಿನ ನರ್ಸ್ ಹಸ್ನಾ, ಅವಳ ಗಂಡ, ಮಗಳು ನಹ್ಲಾ.

ಹಿಬಾ ಮತ್ತು ನಹ್ಲಾ ಇಬ್ಬರಿಗೂ ಒಂದೇ ಕಾಲೇಜು. ಪಕೀರಬ್ಬ ಓಡಿಸುವ ದೊಡ್ಡ ಕಾರಿನಲ್ಲಿ ಹಿಬಾ, ಅವಳ ಮೂವರು ಗೆಳತಿಯರು ಹೋಗುತ್ತಿದ್ದರು. ಹಿಂದೆ ಒಂದು ಸೀಟು ಖಾಲಿ. ಹಸ್ನಾ ಬಂದು ಕೇಳಿದಾಗ ಸುಬೈದಾ, "ಫುಲ್ ಆಗಿದೆ, ಮಾಫಿ, ಜಾಗ ಇಲ್ಲ" ಎಂದು ಬಾಗಿಲಲ್ಲೇ ಹೇಳಿ ಕಳಿಸಿದ್ದಳು. ನಹ್ಲಾಳಿಗೆ ಆಗಲೇ ಒಂದು ವಾರದ ಕ್ಲಾಸು ತಪ್ಪಿತ್ತು. ಭಾನುವಾರದೊಳಗೆ ನಂಬಿಕೆಯ ಕಾರು ಸಿಗದಿದ್ದರೆ ಈ ವರ್ಷ ಕಾಲೇಜು ಬೇಡ ಎಂದು ಅವಳ ಅಪ್ಪ ಹೇಳಿಬಿಟ್ಟಿದ್ದ.

ಇದೆಲ್ಲ ಪರ್ಪೆಚುವಾಳಿಗೆ ಗೊತ್ತಿತ್ತು. ನಮಗ್ಯಾಕೆ ಬೇಡದ ಉಸಾಬರಿ ಎಂದು ಸುಮ್ಮನಿದ್ದಳು.

ಶುಕ್ರವಾರ, ಅಲ್ಲಿನ ವಾರದ ರಜೆ, ಅವಳು ಇಗರ್ಜಿಯಿಂದ ಬಂದು ಕೂತಿದ್ದಳಷ್ಟೆ. ಹಳೆಯ ಹಾಸ್ಟೆಲ್ ಗೆಳತಿಯರ ಗುಂಪಿನಲ್ಲಿ ವತ್ಸಲಾಳ ಮೆಸೇಜು ಬಂತು. 'ನಮ್ಮ ಕ್ರಿಸ್ಟೀನಾ ಮೇಡಂ ಹೋಗಿಬಿಟ್ಟರು. ಭಾನುವಾರ ಶ್ರದ್ಧಾಂಜಲಿ ಸಭೆ. ನೀನು ಅವರ ರೂಮ್‌ಮೇಟ್ ಆಗಿದ್ದವಳು. ಎರಡು ಮಾತು ರೆಕಾರ್ಡ್ ಮಾಡಿ ಕಳಿಸು.'

ಪರ್ಪೆಚುವಾ ಮೂರು ಸಲ ರೆಕಾರ್ಡ್ ಮಾಡಿದಳು, ಮೂರು ಸಲ ಅಳಿಸಿದಳು. ನಾಲ್ಕನೆಯ ಸಲ ಫೋನು ಕೆಳಗಿಟ್ಟು ಸುಬೈದಾಳ ಬಾಗಿಲು ತಟ್ಟಿದಳು.

ಸುಬೈದಾ ಚಹಾ ತಂದಳು. ಹಿಬಾ ಪುಸ್ತಕ ಹಿಡಿದು ಪಕ್ಕದಲ್ಲೇ ಕೂತಿದ್ದಳು.

"ಸುಬೈದಾ, ಆ ನಹ್ಲಾಳನ್ನು ಯಾಕೆ ಬೇಡ ಹೇಳಿದ್ದು?"

"ಅಕ್ಕ, ನನಗೆ ಎಂತ ಉಂಟು? ಬೇರೆ ಹುಡುಗಿಯರ ಮನೆಯವರು ಎಂತ ಹೇಳ್ತಾರೋ. ಅವರ ಕ್ರಮ ಬೇರೆ, ನಮ್ಮ ಕ್ರಮ ಬೇರೆ."

"ಎಂತ ಬೇರೆ ಮಾರಾಯ್ತಿ? ನೀನು ಐದು ಹೊತ್ತು ನಮಾಜು ಮಾಡುದು, ಅವಳೂ ಮಾಡುದು. ಕಾರಿಲ್ಲದಿದ್ದರೆ ಕಾಲೇಜಿಲ್ಲ ಅಂತ ನೀನೂ ಹಿಬಾಳಿಗೆ ಹೇಳಿದ್ದು, ಅವಳ ಅಪ್ಪನೂ ಹೇಳಿದ್ದು."

ಸುಬೈದಾಳ ಮುಖ ಸಪ್ಪಗಾಯಿತು. "ನನಗೆ ಬುದ್ಧಿ ಹೇಳ್ಲಿಕ್ಕೆ ಬಂದದ್ದಾ ನೀವು?"

"ಅಲ್ಲ. ನಾನು ಮಾಡಿದ್ದು ಹೇಳ್ಲಿಕ್ಕೆ ಬಂದದ್ದು."

ನಲವತ್ತು ವರ್ಷದ ಹಿಂದಿನ ಮಾತು. ಊರಿನ ಆ ಹಾಸ್ಟೆಲ್ ನೆನಪಾದರೆ ಪರ್ಪೆಚುವಾಳಿಗೆ ಇವತ್ತಿಗೂ ಹೊಟ್ಟೆಯೊಳಗೆ ಏನೋ ಹಿತವಾಗುತ್ತದೆ. ಬೆಳಗ್ಗೆ ಬಚ್ಚಲಿನ ಮುಂದೆ ಬಕೆಟ್ಟುಗಳ ಸಾಲು, ಇಡೀ ಮಹಡಿಗೆ ಒಂದೇ ಕನ್ನಡಿ, ಕುಚ್ಚಲಕ್ಕಿ ಗಂಜಿಗೆ ಮಿಡಿ ಉಪ್ಪಿನಕಾಯಿ. ಅವಳ ಕೋಣೆಯಲ್ಲಿ ಮೂರು ಮಂಚ, ಹುಡುಗಿಯರು ಇಬ್ಬರೇ. ಒಂದು ದಿನ ಹಳಿಯಾಳದ ಕಾಡಿನ ಕಡೆಯಿಂದ ಕ್ರಿಸ್ಟೀನಾ ಬಂದಳು. ಸಿದ್ದಿ ಹುಡುಗಿ. ನೂರಾರು ವರ್ಷದ ಹಿಂದೆ ಆಫ್ರಿಕಾದಿಂದ ಹಿಡಿದು ತಂದವರ ಸಂತತಿ. ಕಪ್ಪು ಮೈ, ಗುಂಗುರು ಕೂದಲು. ಆ ಹಾಸ್ಟೆಲಿಗೆ ಅವಳ ಜನರಲ್ಲಿ ಅವಳೇ ಮೊದಲಿಗಳು.

"ಅವಳು ಬಾಗಿಲಿಗೆ ಬರುವಷ್ಟರಲ್ಲಿ ನಾವು ಖಾಲಿ ಮಂಚದ ಮೇಲೆ ಟ್ರಂಕು ಇಟ್ಟಾಗಿತ್ತು" ಎಂದಳು ಪರ್ಪೆಚುವಾ. "ಕಾರ್ಕಳದ ಹುಡುಗಿಯೊಬ್ಬಳು ಬರ್ಲಿಕ್ಕುಂಟು, ಜಾಗ ಇಲ್ಲ ಅಂತ ನಾನೇ ಸುಳ್ಳು ಹೇಳಿದೆ. ಆಯ್ತು ಅಂತ ಹೋದಳು. ಒಂದು ತಿಂಗಳು ಸ್ಟೋರ್ ರೂಮಿನ ಹೊರಗೆ ಚಾಪೆ ಹಾಕಿ ಮಲಗಿದಳು."

"ಮತ್ತೆ, ಆಂಟಿ?" ಹಿಬಾ ಪುಸ್ತಕ ಮುಚ್ಚಿದಳು.

"ವಾರ್ಡನ್‌ಗೆ ಗೊತ್ತಾಗಿ ಅವಳನ್ನು ನಮ್ಮ ಕೋಣೆಗೇ ಹಾಕಿದರು. ಆ ದಿನ ಸಂಜೆ ಅವಳು ತೇರ್ಸಕ್ಕೆ ಕೂತಳು. ಜಪಮಾಲೆ ಹಿಡಿದು ಪ್ರಾರ್ಥನೆ ಹೇಳಿದ್ದು ಯಾವ ಭಾಷೆಯಲ್ಲಿ ಗೊತ್ತುಂಟಾ? ಕೊಂಕಣಿಯಲ್ಲಿ. ನಮ್ಮ ಮನೆಯದೇ ಭಾಷೆ, ನಮ್ಮದೇ ದೇವರು. ನಾನು ನೋಡಿದ್ದು ಚರ್ಮ ಮಾತ್ರ."

ಆಮೇಲಿನ ಮೂರು ವರ್ಷ ಪರ್ಪೆಚುವಾಳ ಬದುಕಿನಲ್ಲೇ ಚಂದದ ಕಾಲ. ಕ್ರಿಸ್ಟೀನಾ ಅದೇ ಟ್ರಂಕಿನ ಮೇಲೆ ತಾಳ ಹಾಕುತ್ತ ತನ್ನ ಜನರ ಪದ ಹಾಡುತ್ತಿದ್ದಳು, ಕೋಣೆ ತುಂಬ ನಗೆ. ಮುಂದೆ ಅವಳು ಕಾಲೇಜಿನ ಮೇಡಂ ಆದಳು. ಪ್ರತಿ ಜೂನ್‌ನಲ್ಲಿ ತನ್ನ ಹಾಡಿಯ ಹುಡುಗಿಯರನ್ನು ಕರೆತಂದು, ಮಂಚ ಸಿಗುವ ತನಕ ವಾರ್ಡನ್ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಟ್ರಂಕಿನ ವಿಷಯ ಮಾತ್ರ ಒಂದು ದಿನವೂ ಎತ್ತಲಿಲ್ಲ.

"ನೀವು ತಪ್ಪಾಯ್ತು ಅಂತ ಕೇಳಿದ್ರಾ ಅಕ್ಕ?" ಸುಬೈದಾಳ ಸ್ವರ ಇಳಿದಿತ್ತು.

"ಇಲ್ಲ. ನಲವತ್ತು ವರ್ಷ ಇತ್ತು, ಕೇಳ್ಲಿಲ್ಲ. ಈಗ ಯಾರ ಹತ್ತಿರ ಕೇಳುದು?" ಪರ್ಪೆಚುವಾ ಅತ್ತೇಬಿಟ್ಟಳು.

ಸುಬೈದಾ ಚಹಾದ ಲೋಟ ಕೆಳಗಿಟ್ಟಳು. ಆಮೇಲೆ ಶಾಲು ಎಳೆದುಕೊಂಡು ಎದ್ದಳು. "ಒಬ್ಬಳು ಬಿಟ್ಟಳು, ಹಾಗೆ ಜಾಗ ಆಯ್ತು ಅಂತ ಹಸ್ನಾಳಿಗೆ ಹೇಳ್ತೇನೆ."

"ಯಾರು ಬಿಟ್ಟದ್ದು ಉಮ್ಮ?" ಎಂದಳು ಹಿಬಾ.

ಮೂವರೂ ಅಂಗಳ ದಾಟಿದರು. ಹಸ್ನಾ ಬಾಗಿಲು ತೆರೆದಳು. ಹಿಂದೆ ನಹ್ಲಾ ನಿಂತಿದ್ದಳು. ಸುಬೈದಾ ತನ್ನ ಹರಕುಮುರುಕು ಅರಬಿಯಲ್ಲಿ ಶುರುಮಾಡಿದಳು, ನಡುವೆ ತಡವರಿಸಿದಳು, ಮಗಳ ಮುಖ ನೋಡಿದಳು. ಕೊನೆಗೆ ನಿಜವನ್ನೇ ಹೇಳಿದಳು. "ಸೀಟು ಮೊದಲೂ ಖಾಲಿಯೇ ಇತ್ತು. ನಾನು ಸುಳ್ಳು ಹೇಳಿದ್ದು. ತಪ್ಪಾಯ್ತು. ಭಾನುವಾರದಿಂದ ಮಗಳನ್ನು ಕಳಿಸಿ."

ಹಸ್ನಾ ಬಾಗಿಲ ಚಿಲಕ ಹಿಡಿದೇ ನಿಂತಿದ್ದಳು.

"ಗೊತ್ತಿತ್ತು" ಎಂದಳು. "ದಿನಾ ಬೆಳಗ್ಗೆ ನನ್ನ ಅಡುಗೆಮನೆ ಕಿಟಕಿಯಿಂದ ಆ ಸೀಟು ಕಾಣುತ್ತದೆ."

ಸುಬೈದಾ ತಲೆ ತಗ್ಗಿಸಿದಳು. ಪರ್ಪೆಚುವಾಳಿಗೆ ಆಗ ಹೊಳೆಯಿತು. ಹಾಗಾದರೆ ಕ್ರಿಸ್ಟೀನಾಳಿಗೂ ಮೊದಲ ದಿನವೇ ಗೊತ್ತಿತ್ತು.

"ಎಷ್ಟು ಗಂಟೆಗೆ ಹೊರಡುವುದು?" ಎಂದು ನಹ್ಲಾ ಅಮ್ಮನ ಬೆನ್ನ ಹಿಂದಿನಿಂದ ಕೇಳಿದಳು.

"ಆರೂವರೆಗೆ" ಎಂದಳು ಹಿಬಾ. "ಲೇಟ್ ಮಾಡಿದರೆ ನಮ್ಮ ಅಪ್ಪ ಹಾರ್ನ್ ಹೊಡೆದು ಇಡೀ ಮುಐದರನ್ನು ಎಬ್ಬಿಸ್ತಾರೆ."

ಹಸ್ನಾ ಬಾಗಿಲು ಪೂರ್ತಿ ತೆರೆದು ಒಳಗೆ ಕರೆದಳು.

ಆ ಸಂಜೆ ಪರ್ಪೆಚುವಾ ರೆಕಾರ್ಡ್ ಮಾಡಿದ್ದನ್ನು ಅಳಿಸಲಿಲ್ಲ. ಟ್ರಂಕಿನ ಕಥೆ ಅದರಲ್ಲಿತ್ತು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಬಾಗಿಲು ತೆರೆಸಿದವರು ತೀರಿಕೊಂಡಾಗ ನಾವು ಫೋಟೋ ಇಟ್ಟು ದೀಪ ಹಚ್ಚುತ್ತೇವೆ. ಹಚ್ಚೋಣ. ಆದರೆ ನಮ್ಮ ಮಕ್ಕಳ ಕಾರಿನಲ್ಲಿ, ಹಾಸ್ಟೆಲ್ ಕೋಣೆಯಲ್ಲಿ, ಕ್ಲಾಸಿನ ಬೆಂಚಿನಲ್ಲಿ ಜಾಗ ಇದ್ದರೆ, ಕೇಳಿದವರ ಬಣ್ಣ ನೋಡದೆ ಇದೆ ಎನ್ನೋಣ. ಇಲ್ಲ ಎಂದು ಈಗಾಗಲೇ ಹೇಳಿದ್ದರೆ ಇವತ್ತೇ ಹೋಗಿ ತಪ್ಪಾಯಿತು ಎನ್ನಿ. ಸುಳ್ಳು ಹೇಳಿದ್ದು ಗೊತ್ತಾಗಲಿಲ್ಲ ಎಂದುಕೊಳ್ಳಬೇಡಿ. ಅವರಿಗೆ ಗೊತ್ತಿರುತ್ತದೆ.